ನಾಲ್ಕು ಜನ ಇದ್ದರೆ ಹಂಪಿಗೆ ಕಾರೇ ಅಗ್ಗವೇ? ಲೆಕ್ಕ ಇಲ್ಲಿದೆ

‘ನಾಲ್ಕು ಜನ ಇದ್ದರೆ ರೈಲಿಗಿಂತ ಕಾರೇ ಅಗ್ಗ. ರಾತ್ರಿ ಹೊರಟರೆ ಟ್ರಾಫಿಕ್ಕೂ ಇರಲ್ಲ’. ಪ್ರವಾಸ ಹೊರಡುವ ಮುನ್ನ ಗ್ರೂಪ್‌ಗಳಲ್ಲಿ ಓಡಾಡುವ ಮಾತಿದು. ಇದು ನಿಜವೇ?

ಖರ್ಚು: ಬೆಂಗಳೂರಿನಿಂದ ಹಂಪಿಗೆ ಸುಮಾರು 340 ಕಿ.ಮೀ. ಹೋಗಿಬರಲು 680. ಲೀಟರಿಗೆ 15 ಕಿ.ಮೀ. ಮೈಲೇಜ್ ಎಂದುಕೊಂಡರೆ 45 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂ. ಹಿಡಿದರೂ 4,500 ರೂ. ಆಯಿತು, ಟೋಲ್ ಬೇರೆ. ನಾಲ್ವರ ಸ್ಲೀಪರ್ ಟಿಕೆಟ್ ಇದಕ್ಕಿಂತ ಕಡಿಮೆ. ಎಸಿ ಬೋಗಿಯಾದರೆ ಕಾರೇ ಅಗ್ಗವಾಗಬಹುದು.

ಸುರಕ್ಷತೆ: ರಾತ್ರಿ 2ರಿಂದ ಬೆಳಿಗ್ಗೆ 6ರವರೆಗೆ ದೇಹಕ್ಕೆ ನಿದ್ದೆ ಜೋರಾಗಿ ಎಳೆಯುತ್ತದೆ. ಗಂಟೆಗೆ 90 ಕಿ.ಮೀ. ವೇಗದಲ್ಲಿ ನಾಲ್ಕೇ ಸೆಕೆಂಡ್ ಕಣ್ಣು ಮುಚ್ಚಿದರೂ ಕಾರು 100 ಮೀಟರ್ ಮುಂದೆ ಹೋಗಿರುತ್ತದೆ. ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು ಪರಿಹಾರವಲ್ಲ. ಕಾಫಿಯ ಪ್ರಭಾವ ಶುರುವಾಗಲು ಸುಮಾರು ಅರ್ಧ ಗಂಟೆ ಬೇಕು, ಅದೂ ತಾತ್ಕಾಲಿಕ. ತೂಕಡಿಕೆ ಬಂದರೆ ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ ಮಲಗಿ. ರಾತ್ರಿ ರೈಲಿನಲ್ಲಾದರೆ ನೀವು ನಿದ್ದೆ ಮಾಡಿಕೊಂಡೇ ಹೊಸಪೇಟೆ ತಲುಪುತ್ತೀರಿ. ಅಲ್ಲಿಂದ ಹಂಪಿ 13 ಕಿ.ಮೀ. ಬಸ್ಸು, ಆಟೊ ಸಿಗುತ್ತವೆ.

ಕಾರು ಯಾವಾಗ ಬೇಕು? ಬಾದಾಮಿ, ಪಟ್ಟದಕಲ್ಲು, ಐಹೊಳೆಯನ್ನೂ ಸೇರಿಸಿಕೊಂಡರೆ ಅಥವಾ ಜೊತೆಯಲ್ಲಿ ನಡೆಯಲಾಗದ ಹಿರಿಯರಿದ್ದರೆ ಕಾರೇ ಅನುಕೂಲ. ಆಗಲೂ ಹಗಲಿನಲ್ಲೇ ಹೊರಡಿ.

ತೀರ್ಮಾನ: ಆ ಮಾತು ಅರ್ಧ ಸತ್ಯ. ರೈಲು ಟಿಕೆಟ್ 60 ದಿನ ಮೊದಲೇ ಸಿಗುತ್ತದೆ. ಗ್ರೂಪ್‌ನಲ್ಲಿ ಫಾರ್ವರ್ಡ್ ಮಾಡುವ ಮುನ್ನ ನಿಮ್ಮ ಲೆಕ್ಕ ಹಾಕಿ ನೋಡಿ.