ದಾರಿಯಲ್ಲಿ ದೊರೆತ ಜೊತೆ

ಕಲ್ಲಿಕೋಟೆಯಿಂದ ಮೀನಂಗಡಿ, ಸುಲ್ತಾನ್ ಬತ್ತೇರಿ, ಗುಂಡ್ಲುಪೇಟೆಗಳ ಮಾರ್ಗವಾಗಿ ಮೈಸೂರಿಗೆ ಹೋಗುವ ಬಸ್ಸನ್ನು ಹತ್ತಿದವರಿಗೆಲ್ಲ ಒಂದು ಅನುಭವ ಉಂಟು. ಪಕ್ಕದಲ್ಲಿ ಕುಳಿತವರ ಭಾಷೆ ಬೇರೆ, ನಡೆನುಡಿ ಬೇರೆ. ಆದರೂ ಊರು ಬರುವ ತನಕ ಅವರ ಜೊತೆ ತಪ್ಪಿದ್ದಲ್ಲ. ಇಂಥ ಹೊಂದದ ಜೊತೆಯನ್ನೇ ವಸ್ತುವಾಗಿ ಉಳ್ಳ ಒಂದು ವಿನೋದ ಚಿತ್ರವನ್ನು ವಿದ್ಯಾರ್ಥಿಗಳಿಗೂ ಪೋಷಕರಿಗೂ ಪರಿಚಯಿಸಲು ನಾವು ಬಯಸುತ್ತೇವೆ.

ಅಮೆರಿಕದ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ಅವರು 1933ರಲ್ಲಿ ‘ನೈಟ್ ಬಸ್’ ಎಂಬ ಕಥೆಯನ್ನು ಪ್ರಕಟಿಸಿದರು. ಅದನ್ನು ಆಧರಿಸಿ ಫ್ರ್ಯಾಂಕ್ ಕಾಪ್ರಾ ಅವರು 1934ರಲ್ಲಿ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಎಂಬ ಚಿತ್ರವನ್ನು ನಿರ್ದೇಶಿಸಿದರು. ಚಿತ್ರ, ನಿರ್ದೇಶನ, ನಟ, ನಟಿ, ಚಿತ್ರಕಥೆ ಎಂಬ ಐದು ಪ್ರಧಾನ ಆಸ್ಕರ್ ಪ್ರಶಸ್ತಿಗಳನ್ನೂ ಒಟ್ಟಿಗೆ ಗಳಿಸಿದ ಮೊದಲ ಚಿತ್ರವಿದು.

ಕಥೆ ಸರಳವಾದುದು. ತಂದೆಗೆ ಒಪ್ಪದ ವಿವಾಹವನ್ನು ಮಾಡಿಕೊಂಡ ಧನಿಕನ ಮಗಳೊಬ್ಬಳು ತಂದೆಯ ಕಾವಲನ್ನು ತಪ್ಪಿಸಿಕೊಂಡು ನ್ಯೂಯಾರ್ಕಿಗೆ ಹೊರಡುತ್ತಾಳೆ. ಬಸ್ಸಿನಲ್ಲಿ ಅವಳ ಪಕ್ಕಕ್ಕೆ ಬಂದವನು ಕೆಲಸ ಕಳೆದುಕೊಂಡ ಪತ್ರಿಕಾ ವರದಿಗಾರ. ಅವಳಿಗೆ ಹಣದ ಬೆಲೆ ತಿಳಿಯದು. ಅವನಿಗೆ ತನ್ನ ಜಾಣತನದ ಗರ್ವ. ನಗೆ ಹುಟ್ಟುವುದು ಈ ಎರಡು ಹಮ್ಮುಗಳ ತಿಕ್ಕಾಟದಿಂದಲೇ. ಇರುವ ಅಲ್ಪ ಹಣದಲ್ಲಿ ಚಾಕೊಲೇಟ್ ಕೊಳ್ಳಹೊರಟವಳನ್ನು ಅವನು ತಡೆಯುತ್ತಾನೆ. ದಾರಿಹೋಕ ಕಾರನ್ನು ನಿಲ್ಲಿಸುವ ವಿದ್ಯೆಯನ್ನು ತಾನು ಬಲ್ಲೆನೆಂದು ಜಂಬ ಕೊಚ್ಚಿಕೊಂಡ ಅವನು ಸೋತಾಗ, ಅವಳು ಕ್ಷಣಮಾತ್ರದಲ್ಲಿ ಗೆಲ್ಲುತ್ತಾಳೆ. ಮಳೆಯಿಂದ ಪಯಣ ನಿಂತ ರಾತ್ರಿ ಒಂದೇ ಕೋಣೆಯಲ್ಲಿ ತಂಗಬೇಕಾಗಿ ಬಂದಾಗ, ಹಗ್ಗ ಕಟ್ಟಿ ನಡುವೆ ಕಂಬಳಿಯೊಂದನ್ನು ಇಳಿಬಿಡುತ್ತಾರೆ. ಆ ತೆಳುವಾದ ಮರೆಯನ್ನು ಅವನು ಗೌರವಿಸಿದುದೇ ಅವಳ ವಿಶ್ವಾಸಕ್ಕೆ ಮೂಲವಾಯಿತು.

ಮಗಳನ್ನು ಹುಡುಕಿಕೊಟ್ಟವರಿಗೆ ತಂದೆಯು 10,000 ಡಾಲರ್ ಬಹುಮಾನ ಸಾರಿದ್ದನು. ವರದಿಗಾರನು ಅದನ್ನು ಕೇಳಲಿಲ್ಲ. ದಾರಿಯ ಖರ್ಚಿನ 39 ಡಾಲರ್ 60 ಸೆಂಟುಗಳನ್ನು ಮಾತ್ರ ಕೇಳಿದನು. ಆ ಸಣ್ಣ ಲೆಕ್ಕದಲ್ಲಿ ತಂದೆಗೆ ಮನುಷ್ಯನ ಬೆಲೆ ಗೊತ್ತಾಯಿತು.

ಈ ವಸ್ತು ನಮ್ಮ ದೇಶಕ್ಕೂ ಬಂದಿತು. 1956ರ ಹಿಂದಿ ‘ಚೋರಿ ಚೋರಿ’ಯಲ್ಲಿ ರಾಜ್ ಕಪೂರ್, ನರ್ಗಿಸ್ ಅವರೂ, 1966ರ ತಮಿಳು ‘ಚಂದ್ರೋದಯಂ’ನಲ್ಲಿ ಎಂ.ಜಿ. ರಾಮಚಂದ್ರನ್, ಜಯಲಲಿತಾ ಅವರೂ ನಟಿಸಿದರು. 1991ರಲ್ಲಿ ಹಿಂದಿಯ ‘ದಿಲ್ ಹೈ ಕೆ ಮಾನ್‌ತಾ ನಹೀ’ ಬಂದಿತು. ಕನ್ನಡದಲ್ಲಿ 2007ರಲ್ಲಿ ಗಣೇಶ್, ರೇಖಾ ಅವರ ‘ಹುಡುಗಾಟ’ ತೆರೆಕಂಡಿತು. ಅದಕ್ಕೆ ಸಂಗೀತ ಕೊಟ್ಟವರು ಕೇರಳದ ಜಾಸ್ಸೀ ಗಿಫ್ಟ್. ಕನ್ನಡದ ಹಾಡಿಗೆ ಮಲೆಯಾಳದ ಸ್ವರ ಸೇರಿದುದು ಗಡಿನಾಡಿನವರಾದ ನಮಗೆ ಸಂತೋಷದ ಸಂಗತಿ.

ಮನೆಬಿಟ್ಟು ಹೋಗುವುದನ್ನು ಇದು ಹೊಗಳುತ್ತದೆಯೇ ಎಂದು ಪೋಷಕರು ಶಂಕಿಸಬಹುದು. ನಮ್ಮ ಅಭಿಪ್ರಾಯದಲ್ಲಿ ಹಾಗಲ್ಲ. ಮೊದಲು ಕಾವಲಿಟ್ಟ ತಂದೆಯೇ ಕೊನೆಗೆ ಮಗಳ ಮನಸ್ಸನ್ನು ಅರಿತು, ತಪ್ಪು ಮದುವೆಯಿಂದ ಅವಳನ್ನು ಬಿಡಿಸುತ್ತಾನೆ. ಕೂಡಿಹಾಕಿದಾಗ ದೂರವಾದ ಮಗಳು, ಕಿವಿಗೊಟ್ಟಾಗ ಹತ್ತಿರವಾದಳು. ಮಕ್ಕಳಾದರೋ, ಆಡಂಬರದ ಮಾತನ್ನಲ್ಲ, ಕಷ್ಟದ ದಾರಿಯಲ್ಲಿ ತೋರುವ ನಡತೆಯನ್ನು ನೋಡಿ ಸ್ನೇಹಿತರನ್ನು ಅಳೆಯಲು ಕಲಿಯಲಿ. ಮುಂದಿನ ಸಲ ಬಸ್ಸಿನಲ್ಲಿ ಅಪರಿಚಿತರೊಬ್ಬರು ಪಕ್ಕಕ್ಕೆ ಬಂದಾಗ ಮುಖ ತಿರುಗಿಸದೆ ಸ್ವಲ್ಪ ಸ್ಥಳ ಬಿಟ್ಟುಕೊಡೋಣ.