ಕಾಲುವೆ ನೀರಿನ ಲೆಕ್ಕ, ಕೊಟ್ಟಿಗೆಯ ಮೇವಿನ ಲೆಕ್ಕ



ಜಲಾಶಯದಿಂದ ಕಾಲುವೆಗೆ ನೀರು ಬಿಟ್ಟ ದಿನವೇ ಕೊನೆಭಾಗದ ಹೊಲಕ್ಕೆ ನೀರು ಬರುವುದಿಲ್ಲ. ಮುಖ್ಯ ಕಾಲುವೆ, ಶಾಖಾ ಕಾಲುವೆ, ವಿತರಣಾ ಕಾಲುವೆ, ಹೊಲಗಾಲುವೆ ದಾಟಿ ಬರಲು ದಿನಗಳೇ ಬೇಕು. ಅಷ್ಟರಲ್ಲಿ ನೇಪಿಯರ್ ಒಣಗುತ್ತದೆ, ಜೋಳ ಬಾಡುತ್ತದೆ, ಹಾಲು ಇಳಿಯುತ್ತದೆ. ಆದ್ದರಿಂದ ನೀರಿನ ಲೆಕ್ಕ ಹೇಗೆ ನಡೆಯುತ್ತದೆ ಎಂಬುದು ನಿಮಗೂ ತಿಳಿದಿರಲಿ.

ಕಂಪ್ಯೂಟರ್ ಏನು ಮಾಡುತ್ತದೆ?

ಎಂಜಿನಿಯರುಗಳು ಇಡೀ ಕಾಲುವೆ ಜಾಲವನ್ನು ಕಂಪ್ಯೂಟರಿನಲ್ಲಿ ತುಂಡು ತುಂಡಾಗಿ ಬರೆದಿಡುತ್ತಾರೆ. ಪ್ರತಿ ತುಂಡಿನ ಅಗಲ, ಆಳ, ಇಳಿಜಾರು, ಗೇಟು, ತೂಬು ಎಲ್ಲವೂ ಅದರಲ್ಲಿರುತ್ತವೆ. ಮೇಲಿನ ತುಂಡಿನಿಂದ ಬಂದ ನೀರೆಷ್ಟು, ಕೆಳಗೆ ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ಕಂಪ್ಯೂಟರ್ ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ. ಈ ಲೆಕ್ಕದ ಸೂತ್ರವನ್ನು ಫ್ರಾನ್ಸಿನ ಸೇಂಟ್ ವೆನೆಂಟ್ 1871ರಲ್ಲೇ ಕೊಟ್ಟಿದ್ದರು. ಒಂದು ಗೇಟು ಎತ್ತಿದರೆ ಕೊನೆಯ ತೂಬಿಗೆ ನೀರು ಯಾವಾಗ, ಎಷ್ಟು ಮುಟ್ಟೀತು ಎಂದು ಮೊದಲೇ ಅಂದಾಜು ಮಾಡಲು ಇದರಿಂದ ಸಾಧ್ಯ.

ನಮ್ಮ ರಾಜ್ಯದಲ್ಲಿ ನಾರಾಯಣಪುರ ಎಡದಂಡೆ ಕಾಲುವೆಗೆ ಸ್ಕಾಡಾ ಗೇಟುಗಳನ್ನು ಅಳವಡಿಸಲಾಗಿದೆ. ಅವು ನೀರಿನ ಮಟ್ಟ, ಹರಿವು ಅಳೆದು ನಿಯಂತ್ರಣ ಕೇಂದ್ರಕ್ಕೆ ಕಳಿಸುತ್ತವೆ. ಅಲ್ಲಿಂದಲೇ ಗೇಟು ಏರಿಸಬಹುದು, ಇಳಿಸಬಹುದು.

ಹುಲ್ಲು, ಹೂಳಿನ ಪಾತ್ರ

ಲೆಕ್ಕದಲ್ಲಿ ಕಾಲುವೆಯ ಒರಟುತನಕ್ಕೂ ಒಂದು ಅಂಕಿ ಇದೆ. ಕಾಂಕ್ರೀಟ್ ಕಾಲುವೆಗೆ ಅದು ಸುಮಾರು 0.015, ಶುಚಿಯಾದ ಮಣ್ಣಿನ ಕಾಲುವೆಗೆ 0.022ರ ಆಸುಪಾಸು, ಹುಲ್ಲು, ಜೊಂಡು ಬೆಳೆದರೆ ಇನ್ನೂ ಹೆಚ್ಚು. ಈ ಅಂಕಿ ಇಮ್ಮಡಿಯಾದರೆ, ನೀರಿನ ಮಟ್ಟ ಅಷ್ಟೇ ಇದ್ದರೂ ಹರಿವು ಅರ್ಧಕ್ಕೆ ಇಳಿಯುತ್ತದೆ. ಮೇಲ್ಭಾಗದಲ್ಲಿ ಕಾಲುವೆ ತುಂಬಿ ಕಂಡರೂ ಕೊನೆಯವರಿಗೆ ನೀರು ಸಿಗದಿರಲು ಇದೂ ಒಂದು ಕಾರಣ. ಅಕ್ರಮ ಪಂಪ್‌ಸೆಟ್ ಇನ್ನೊಂದು. ಕಂಪ್ಯೂಟರಿಗೆ ಕೊಟ್ಟ ಅಂಕಿ ಶುಚಿ ಕಾಲುವೆಯದು, ನೆಲದ ಮೇಲಿರುವುದು ಹುಲ್ಲಿನ ಕಾಲುವೆ ಎಂದಾದರೆ ಲೆಕ್ಕವೇ ತಪ್ಪುತ್ತದೆ. ನೀರು ಬಿಡುವ ಮುಂಚೆ ಹೂಳು ತೆಗೆಸಬೇಕೆಂದು ನೀರು ಬಳಕೆದಾರರ ಸಹಕಾರ ಸಂಘದ ಸಭೆಯಲ್ಲಿ ನೀವೇ ಕೇಳಿ.

ಬಾಡಿದ ಜೋಳ: ಎಚ್ಚರ!

ನೀರು ತಡವಾದಾಗ ನಾನು ಹೆಚ್ಚು ಹೆದರುವುದು ಇದಕ್ಕೆ. ನೀರಿಲ್ಲದೆ ಬಾಡಿದ ಎಳೆ ಜೋಳದಲ್ಲಿ ಸೈನೈಡ್ ವಿಷ ಹೆಚ್ಚುತ್ತದೆ. ಬಾಡಿದ ಪೈರಿಗೆ ನೀರು ಬಿದ್ದು ಚಿಗುರಿದ ಕುಡಿ ಇನ್ನೂ ಅಪಾಯ. ತಿಂದ ದನ ಜೋರಾಗಿ ಉಸಿರೆಳೆದು, ಜೊಲ್ಲು ಸುರಿಸಿ, ತೂರಾಡಿ ಬೀಳುತ್ತದೆ. ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಮನೆಮದ್ದು ಮಾಡುತ್ತಾ ಕೂರಬೇಡಿ, ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ; ಬೇಗ ಕೊಟ್ಟರೆ ಇಂಜೆಕ್ಷನ್ನಿನಿಂದ ಉಳಿಸಬಹುದು. ಹೂ ಬಿಡುವ ಮುಂಚೆ ಹಸಿ ಜೋಳ ಹಾಕಬೇಡಿ, ಕೂಳೆ ಚಿಗುರಿಗೆ ದನ ಬಿಡಬೇಡಿ.

ನೀವು ಮಾಡಬೇಕಾದದ್ದು

1. ನೀರಾವರಿ ಸಲಹಾ ಸಮಿತಿ ಪ್ರಕಟಿಸುವ ನೀರು ಬಿಡುವ, ನಿಲ್ಲಿಸುವ ದಿನಗಳನ್ನು ಡೈರಿಯ ಗೋಡೆಗೆ ಅಂಟಿಸಿ. ನಿಮ್ಮ ತೂಬಿಗೆ ನೀರು ನಿಜವಾಗಿ ಬಂದ ದಿನವನ್ನು ಪಕ್ಕದಲ್ಲೇ ಬರೆಯಿರಿ. ಎರಡು ಹಂಗಾಮು ಬರೆದರೆ ಎಷ್ಟು ದಿನ ತಡ ಎಂಬುದು ತಿಳಿಯುತ್ತದೆ. ಅಧಿಕಾರಿಗಳ ಮುಂದಿಡಲು ದಾಖಲೆಯೂ ಆಗುತ್ತದೆ.

2. ನೀರು ನಿಲ್ಲುವ ದಿನಗಳಿಗೆ ಮುಸುಕಿನ ಜೋಳದ ರಸಮೇವು ಮಾಡಿಡಿ. ಹಸುವಿಗೆ ದಿನಕ್ಕೆ 20 ಕೆಜಿಯಂತೆ 15 ದಿನಕ್ಕೆ 300 ಕೆಜಿ ಬೇಕು. ಹದವಾಗಲು ಸುಮಾರು 45 ದಿನ ಹಿಡಿಯುವುದರಿಂದ ಮೊದಲೇ ತುಂಬಿಸಿ.

3. 10 ಲೀಟರ್ ಹಾಲು ಕೊಡುವ ಹಸುವಿಗೆ ದಿನಕ್ಕೆ 70ರಿಂದ 80 ಲೀಟರ್ ಕುಡಿಯುವ ನೀರು ಬೇಕು. ಕಾಲುವೆಯನ್ನೇ ನಂಬದೆ ತೊಟ್ಟಿ ತುಂಬಿಸಿಡಿ. ಕಾಲುವೆ ಅಂಚಿನ ನಿಂತ ನೀರಲ್ಲಿರುವ ಬಸವನಹುಳುವಿನಿಂದ ಯಕೃತ್ತಿನ ಹುಳು ಬಾಧೆ ಬರುತ್ತದೆ, ಅಲ್ಲಿ ಮೇಯಿಸಬೇಡಿ.

ನೀರು ಬರುವ ದಿನ ನಮ್ಮ ಕೈಯಲ್ಲಿಲ್ಲದಿದ್ದರೂ ಮೇವಿನ ತಯಾರಿ ನಮ್ಮ ಕೈಯಲ್ಲಿದೆ. ರಸಮೇವು ಮಾಡುವ ವಿಧಾನ ತಿಳಿಯಲು ನಿಮ್ಮ ಸಂಘದ ಕಾರ್ಯದರ್ಶಿಯವರನ್ನು ಕೇಳಿ. ಕರೆದರೆ ನಾವೇ ಊರಿಗೆ ಬಂದು ತೋರಿಸುತ್ತೇವೆ.