ಡಾರ್ವಿನ್‌ಗೆ ಹಕ್ಕಿ ಗುರುತಿಸಿಕೊಟ್ಟವರು

ಪ್ರಶ್ನೆ: ಗಲಪಗೋಸ್ ದ್ವೀಪಗಳ ಫಿಂಚ್ ಹಕ್ಕಿಗಳನ್ನು ಕಂಡ ಕೂಡಲೇ ಡಾರ್ವಿನ್‌ಗೆ ವಿಕಾಸವಾದ ಹೊಳೆಯಿತೇ?

ಉತ್ತರ: ಇಲ್ಲ. 1835ರಲ್ಲಿ ಅಲ್ಲಿಗೆ ಹೋದಾಗ ಅವೆಲ್ಲ ಒಂದೇ ಬಳಗದವೆಂದೂ ಅವನಿಗೆ ತಿಳಿಯಲಿಲ್ಲ. ಕೊಕ್ಕುಗಳು ಅಷ್ಟು ಬೇರೆಬೇರೆ! ಯಾವ ಹಕ್ಕಿ ಯಾವ ದ್ವೀಪದ್ದೆಂದು ಸರಿಯಾಗಿ ಬರೆದಿಡಲೂ ಇಲ್ಲ. ಆದರೆ ಇಂಗ್ಲೆಂಡಿಗೆ ಮರಳಿದ ಮೇಲೆ ತಾನೇ ಹೆಸರಿಡಲು ಕೂರದೆ ಹಕ್ಕಿಗಳನ್ನು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘಕ್ಕೆ ಒಪ್ಪಿಸಿದ. ಇವೆಲ್ಲ ಹತ್ತಿರದ ಸಂಬಂಧಿಗಳೆಂದು 1837ರ ಜನವರಿಯಲ್ಲಿ ತೋರಿಸಿಕೊಟ್ಟವನು ಅಲ್ಲಿನ ಪಕ್ಷಿತಜ್ಞ ಜಾನ್ ಗೂಲ್ಡ್. ದ್ವೀಪಗಳ ಲೆಕ್ಕ ಹೊಂದಿಸಲು ಡಾರ್ವಿನ್ ತನ್ನ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಮತ್ತಿತರ ಸಹಪ್ರಯಾಣಿಕರ ಸಂಗ್ರಹಗಳ ಮೊರೆಹೋದ. ಮುಂದೆಯೂ ಅಷ್ಟೇ: ಗಿಡಗಳ ವಿಷಯಕ್ಕೆ ಸಸ್ಯವಿಜ್ಞಾನಿ ಹೂಕರ್‌ನನ್ನು ಕೇಳಿದ, ತಳಿಗಳ ವಿಷಯಕ್ಕೆ ಲಂಡನ್ನಿನ ಪಾರಿವಾಳ ಸಾಕುವವರ ಕ್ಲಬ್ಬುಗಳಿಗೇ ಸೇರಿಕೊಂಡ. ಗೊತ್ತಿಲ್ಲದ್ದನ್ನು ಗೊತ್ತಿರುವವರಲ್ಲಿ ಕೇಳುವುದಕ್ಕೆ ಅವನು ನಾಚಲಿಲ್ಲ.